ಪಾಟೀಲರ ಹನ್ನೆರಡನೆಯ ದಿನ

ಕರಿಗುಂಡಿಯಲ್ಲಿ ಐವತ್ತು ವರ್ಷದ ಒಳಗಿನವರೆಲ್ಲ ಬಾಲಮಣಿಯ ಕೈಗೆ ಬಿದ್ದೇ ಭೂಮಿಗೆ ಬಂದವರು. ಪಾಟೀಲರಿರಲಿ, ಪಟವಾರಿಯ ಮಗನಿರಲಿ, ಮಠದ ಅಯ್ಯನವರ ಮೊಮ್ಮಗನಿರಲಿ, ಜನ್ಮದ ಮೊದಲ ಏಟು ತಿಂದದ್ದು ಆಕೆಯಿಂದಲೇ. ಅಳದ ಕೂಸಿನ ಕುಂಡಿಗೆ ಒಂದು ಪೆಟ್ಟು ಕೊಟ್ಟು, “ಅಳು, ಅಳು. ಬಂದದ್ದು ಈ ಊರಿಗಿ, ಅಳದಿದ್ರ ಹ್ಯಾಂಗ?” ಎನ್ನುತ್ತಿದ್ದಳು. ಮುಂದೆ ಆ ಕೂಸು ಬೆಳೆದು ಮೀಸೆ ತಿರುವಿಕೊಂಡು ಬೀದಿಯಲ್ಲಿ ಎದುರು ಬಂದರೆ, ಬಾಲಮಣಿ ರೂಢಿಯಂತೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಆದರೆ ಅವಳ ಕಣ್ಣಿನಲ್ಲಿ ಒಂದು ನಗು ಇರುತ್ತಿತ್ತು. ಆ ನಗೆ ಕಂಡವರಿಗೆ ಮೀಸೆ ಯಾಕೋ ಭಾರವಾಗುತ್ತಿತ್ತು.

ದ್ರೌಪದಿ ಆಕೆಯ ಮೊಮ್ಮಗಳು. ತಾಯಿ ಇಲ್ಲದ ಕೂಸನ್ನು ಆಯಿಯೇ ಬೆಳೆಸಿ, ತನ್ನ ವಿದ್ಯೆಯನ್ನೆಲ್ಲ ಕಲಿಸಿದ್ದಳು. ಅಜ್ಜಿಯನ್ನು ಆಯಿ ಎಂದೇ ಕರೆಯುವ ಸೀಮೆ ಅದು. ಗಂಡ ಮಾಣಿಕ ತಾಂಡೂರಿನ ಖಣಿಗಳಲ್ಲಿ ಹಾಸುಗಲ್ಲು ಸೀಳುತ್ತಿದ್ದ. ಹಬ್ಬಕ್ಕೊಮ್ಮೆ ಜಹೀರಾಬಾದಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ನ್ಯಾಲ್ಕಲ್ ದಾರಿ ಹಿಡಿದು ನಡೆದು ಊರು ಮುಟ್ಟುತ್ತಿದ್ದ. ತಾಂಡೂರಿಗೆ ಬಾ ಎಂದು ಎಷ್ಟು ಕರೆದರೂ ದ್ರೌಪದಿ ಆಯಿಯನ್ನು ಬಿಟ್ಟು ಕದಲಲಿಲ್ಲ. ಆಯಿಯ ಕಣ್ಣು ಮಂಜಾದ ಮೇಲೆ ಎರಡು ವರ್ಷದಿಂದ ಊರ ಹೆರಿಗೆಗಳೆಲ್ಲ ಅವಳ ಕೈಗೇ ಬಂದಿದ್ದವು.

ಹೆರಿಗೆಯ ವಿಷಯದಲ್ಲಿ ಕರಿಗುಂಡಿಗೆ ಒಂದು ರೂಢಿಯಿತ್ತು. ಬಾಲಮಣಿಯದು ಊರ ಹೊರಗಿನ ಕೇರಿ. ಉಳಿದ ದಿನ ಆ ಕೇರಿಯವರ ನೆರಳು ಕೂಡ ಊರೊಳಗಿನ ಅಂಗಳದ ಮೇಲೆ ಬೀಳುವಂತಿರಲಿಲ್ಲ. ಆದರೆ ಒಳಗೆ ಬಸುರಿ ನೋವಿನಿಂದ ಕೂಗಿದಳೆಂದರೆ ಜಾತಿ ಬಲು ಜಾಣತನದಿಂದ ಹಿತ್ತಲಿಗೆ ಹೋಗಿ ನಿಲ್ಲುತ್ತಿತ್ತು. ಸೂಲಗಿತ್ತಿ ಒಳಗೆ ಬರಬೇಕು, ಕೂಸನ್ನು ಹಿಡಿಯಬೇಕು, ಹೊಕ್ಕುಳು ಕೊಯ್ಯಬೇಕು, ಹನ್ನೊಂದು ದಿನ ಬಚ್ಚಲ ಹಂಡೆಗೆ ಕೈಯಿಕ್ಕಿ ತಾಯಿಗೂ ಕೂಸಿಗೂ ನೀರೆರೆಯಬೇಕು. ಆ ಹನ್ನೊಂದು ದಿನ ಆ ಮನೆಯ ನೀರನ್ನು ಅವಳು ಮುಟ್ಟಿದರೆ ದೋಷವಿಲ್ಲ. ಹನ್ನೆರಡನೆಯ ದಿನ ಕೊನೆಯ ನೀರು ಎರೆದು, ಸೀರೆ ಕುಬಸ ಜೋಳ ಉಡಿಯಲ್ಲಿ ಹಾಕಿಸಿಕೊಂಡು ಹಿತ್ತಿಲ ಬಾಗಿಲಿಂದ ಹೊರಬಿದ್ದರೆ ಸಾಕು, ಅವಳ ಬೆನ್ನ ಹಿಂದೆಯೇ ಮನೆ ಸಾರಿಸಿ ಗೋಮೂತ್ರ ಚಿಮುಕಿಸುತ್ತಿದ್ದರು. ಆಮೇಲೆ ಅವಳು ಮತ್ತೆ ಅಂಗಳದಾಚೆಯವಳು. ಆ ಕೊನೆಯ ನೀರನ್ನು ಮಾತ್ರ ಬೇರೆ ಯಾರೂ ಎರೆಯುವ ಹಾಗಿರಲಿಲ್ಲ. ಹಿಡಿದ ಕೈಯೇ ಎರೆಯಬೇಕು ಎಂದು ಊರಿನ ಮಾತು. ಆ ನೀರು ಮೈಮೇಲೆ ಬೀಳುವ ತನಕ ಹನ್ನೊಂದು ದಿನ ಮುಗಿದ ಲೆಕ್ಕವಲ್ಲ.

ಊರಿಗಿದ್ದ ಸಿಹಿನೀರಿನ ಬಾವಿ ಮಠದ ಮುಂದಿನದೊಂದೇ. ಕೇರಿಯವರು ಕಟ್ಟೆಯ ಕೆಳಗೆ ಕೊಡ ಇಟ್ಟು ಕಾದು ನಿಂತರೆ, ಮೇಲಿನವರು ಯಾರಾದರೂ ಮನಸ್ಸು ಬಂದಾಗ ಸೇದಿ, ಎತ್ತರದಿಂದ ಹೊಯ್ಯುತ್ತಿದ್ದರು. ಬಾಲಮಣಿ ಆ ನೀರನ್ನು ಜನ್ಮದಲ್ಲಿ ಒಂದು ಗುಟುಕೂ ಕುಡಿಯಲಿಲ್ಲ. “ಎತ್ತಿ ಹೊಯ್ಯೋದು ದನದ ಬಾನಿಗಿ. ನಾ ಮಂದೀನ ಹಿಡದು ಹೊರಗ ತಗದಾಕಿ” ಎನ್ನುತ್ತಿದ್ದಳು. ಹಳ್ಳದ ಉಸುಕಿನಲ್ಲಿ ಕೈಯಿಂದ ವರತಿ ತೋಡಿ, ತಿಳಿಯಾದ ನೀರನ್ನು ಒಣಗಿದ ಸೋರೆಬುರುಡೆಯಲ್ಲಿ ತುಂಬಿಕೊಂಡು ಹೆರಿಗೆಯ ಮನೆಗೆ ಹೋಗುತ್ತಿದ್ದಳು. ಐವತ್ತು ವರ್ಷ ಆ ಬಾವಿಯ ನೀರಿನಲ್ಲಿ ಊರ ಕೂಸುಗಳನ್ನು ಮೀಯಿಸಿದಳು, ಬಾಯಾರಿದರೆ ಮೂಲೆಗೆ ತಿರುಗಿ ತನ್ನ ಬುರುಡೆ ಎತ್ತಿದಳು.

ಒಮ್ಮೆ ನಾರಾಯಣಖೇಡದಿಂದ ಒಂದು ಪಠಾಣರ ಮನೆಯವರು ಬಂಡಿ ಕಳಿಸಿ ಕರೆಸಿಕೊಂಡಿದ್ದರು. ಎರಡು ದಿನದ ನೋವು, ಅವಳಿ ಕೂಸು. ಎರಡನ್ನೂ ಉಳಿಸಿ ಹೊರಗೆ ಬಂದಾಗ ಮನೆಯ ಹಿರಿಯ ಬೇಗಂ ತಾವೇ ಗ್ಲಾಸು ತುಂಬಿ ಕೈಗೆ ಕೊಟ್ಟರಂತೆ. ಕೈಗೆ ಕೈ ತಾಗಿತಂತೆ. ಈ ಕತೆಯನ್ನು ಆಯಿ ನೂರು ಸಲ ಹೇಳಿದ್ದಳು, ಪ್ರತಿ ಸಲವೂ ಕೊನೆಗೆ ಒಂದೇ ಮಾತು: “ಅಲ್ಲಿ ಕೊಟ್ರು. ನಮ್ಮೂರಾಗ ಯಾವಾಗ ಆಗ್ತದ?”

ದೇವರ ಮೇಲಿನ ಅವಳ ನಂಬಿಕೆಯೂ ಹೀಗೇ, ಮುಖಕ್ಕೆ ಮುಖ ಕೊಟ್ಟು ಮಾತಾಡುವಂಥದು. ಬೆಳಿಗ್ಗೆ ಎದ್ದು ಸೂರ್ಯನ ಕಡೆ ಎರಡೂ ಕೈ ಚಾಚಿ, “ಶಿವಾ, ಇವತ್ತ ಯಾರನ್ನ ಕಳಸ್ತಿ ಕಳಸು, ನಾ ಕೈ ತೊಳಕೊಂಡೀನಿ” ಎನ್ನುವಳು. ಅದೇ ಅವಳ ಪೂಜೆ, ಅದೇ ಮಂತ್ರ. ಹುಟ್ಟಿಸೋ ಶಿವ ಹಣೆಯ ಮೇಲೆ ಜಾತಿ ಬರೆದಿರುತ್ತಾನೆ ಎಂದು ಮಠದಲ್ಲಿ ಯಾರೋ ಅಂದದ್ದು ಕಿವಿಗೆ ಬಿದ್ದಾಗ, “ನಾ ಹಿಡದು ತಿರುವಿ ಮುರುವಿ ನೋಡೀನಿ, ಏನೂ ಬರದಿರಲ್ಲ. ಬರೇ ಲೋಳಿ ಇರ್ತದ” ಎಂದಿದ್ದಳು.

ಪ್ಲೇಗು ಬಂದ ವರ್ಷದ ಮಾತು ಬಂದರೆ ಊರ ಮುದುಕರು ಈಗಲೂ ಟೋಪಿ ತೆಗೆಯುತ್ತಾರೆ. ಇಲಿ ಬಿದ್ದವೆಂದು ಊರಿಗೆ ಊರೇ ಖಾಲಿಯಾಗಿ ಹೊಲಗಳಿಗೆ ಓಡಿದಾಗ, ಪಾಟೀಲರ ಮನೆಯಲ್ಲಿ ಒಂಬತ್ತು ದಿನದ ಬಾಣಂತಿ ಗುರುಲಿಂಗಮ್ಮ ಜ್ವರದಿಂದ ಎಚ್ಚರ ತಪ್ಪಿ ಮಲಗಿದ್ದಳು. ಅವಳನ್ನು ಬೆನ್ನ ಮೇಲೆ ಹೊತ್ತು, ಕೂಸನ್ನು ಸೀರೆಯ ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಂಡು, ಎರಡು ಮೈಲಿ ನಡೆದು ಹೊಲ ಸೇರಿಸಿದವಳು ಬಾಲಮಣಿ. ಜೋಳಿಗೆಯಲ್ಲಿದ್ದ ಆ ಕೂಸೇ ಈಗಿನ ವೀರಪ್ಪ ಪಾಟೀಲರು.

ನಿಜಾಮರ ರಾಜ್ಯ ಇನ್ನೇನು ಎರಡು ವರ್ಷದಲ್ಲಿ ಮುಗಿಯಲಿತ್ತು, ಆದರೆ ಅದು ಆಗ ಯಾರಿಗೂ ಗೊತ್ತಿರಲಿಲ್ಲ. ಜೋಳದ ಕೊಯ್ಲಿನ ದಿನಗಳು. ಎಂಬತ್ತು ದಾಟಿದ ಬಾಲಮಣಿ ಹಾಸಿಗೆ ಹಿಡಿದಳು. ಕೈಕಾಲು ಸೋತಿದ್ದವು, ನಾಲಿಗೆ ಮಾತ್ರ ಸೋತಿರಲಿಲ್ಲ. ಒಂದು ದಿನ ಮೊಮ್ಮಗಳನ್ನು ಹತ್ತಿರ ಕರೆದು ಹೇಳಿದಳು. ದ್ರೌಪದಿ ಎಂಬ ಹೆಸರು ಅವಳ ನಾಲಿಗೆಯಲ್ಲಿ ದುರ್ಪತಿ.

“ದುರ್ಪತಿ, ನಾ ಹೋಗೋ ಮುಂದ ಬಾಯಿಗಿ ಮಠದ ಬಾವಿ ನೀರು ಬಿಡು. ಯಾರೂ ಹೊಯ್ಯಬಾರದು. ನೀನೇ ಹಗ್ಗ ಹಿಡದು ಸೇದಿ ತರಬೇಕು. ಇಲ್ಲಂದ್ರ ಬಾಯಿ ಒಣಗಿಸ್ಕೊಂಡೇ ಹೋಗ್ತೀನಿ, ನಂಗೇನು ಬ್ಯಾಸರಿಲ್ಲ.”

ಬೇಸರವಿಲ್ಲ ಎಂದು ಹೇಳಿದ ರೀತಿಯಲ್ಲೇ ಎಷ್ಟು ಬೇಸರವಿತ್ತೆಂದು ದ್ರೌಪದಿಗೆ ತಿಳಿಯಿತು. ಜೀವಮಾನದಲ್ಲಿ ಆಯಿ ತನಗಾಗಿ ಕೇಳಿದ್ದು ಇದೊಂದೇ. ಅವಳು ಅದೇ ಸಂಜೆ ಮಠದ ಕಟ್ಟೆಗೆ ಹೋದಳು. ಪಂಚರ ನಡುವೆ ವೀರಪ್ಪ ಪಾಟೀಲರು ಕೂತಿದ್ದರು, ಪಕ್ಕದಲ್ಲಿ ಮಠಪತಿ ವೈಜಿನಾಥಯ್ಯನವರು. ಪಾಟೀಲರು ಕೆಟ್ಟ ಮನುಷ್ಯರಲ್ಲ. ರೂಢಿ ಬಿಟ್ಟರೆ ಧೋತರ ಜಾರಿದಂತಾಗುವ ಸ್ವಭಾವ, ಅಷ್ಟೇ.

ದ್ರೌಪದಿಯ ಮಾತು ಕೇಳಿ ಅವರು ಗದ್ದ ಕೆರೆದುಕೊಂಡರು. “ಆಯಿ ನಮಗ ದೊಡ್ಡಾಕಿ. ನಾನೇ ತಾಮ್ರದ ಕೊಡದಾಗ ನೀರು ತರ್ಸಿ, ನಿಮ್ಮ ಕೇರಿ ತನ ಕಳಸ್ತೀನಿ. ಇಂಥಾ ಮಾತು ನಮ್ಮಪ್ಪ ಹೇಳಿದ್ದಿಲ್ಲ, ನಮ್ಮ ಮುತ್ಯಾ ಹೇಳಿದ್ದಿಲ್ಲ.”

“ಕೊಡ ಬ್ಯಾಡ್ರಿ ಪಾಟೀಲ್ರ. ಹಗ್ಗ ಬಿಡ್ರಿ. ಒಂದೇ ಕೊಡ, ನಾನೇ ಸೇದ್ತೀನಿ.”

“ಇವತ್ತ ಹಗ್ಗ ಬಿಟ್ರ ನಾಳಿಗಿ ಬಾವೀನೇ ಬಿಟ್ಟಂಗ ಆತು” ಎಂದರು ಪಾಟೀಲರು. ಪಂಚರೆಲ್ಲ ತಲೆಯಾಡಿಸಿದರು. ತಲೆಯಾಡಿಸುವುದಕ್ಕೇ ಅವರು ಅಲ್ಲಿ ಕೂತಿದ್ದರು.

ತಾಮ್ರದ ಕೊಡದ ಸುದ್ದಿ ಕೇಳಿ ಆಯಿ ಗೋಡೆಯ ಕಡೆ ಹೊರಳಿದಳು. “ಬಾನಿ ತಾಮ್ರದ್ದಾದ್ರ ದನ ಮಂದಿ ಆಗ್ತದೇನು?” ಎಂದಳು.

ನಾಲ್ಕನೆಯ ದಿನ ಬೆಳಿಗ್ಗೆ ಪಾಟೀಲರ ಆಳು ಕಿಷ್ಟಪ್ಪ ಏದುಸಿರು ಬಿಡುತ್ತ ಕೇರಿಗೆ ಓಡಿ ಬಂದ. ಪಾಟೀಲರ ಸೊಸೆ ಶಕುಂತಲಾಬಾಯಿಗೆ ನೋವು ಕಾಣಿಸಿಕೊಂಡಿತ್ತು. ಚೊಚ್ಚಲು. ಕೂಸು ಕಾಲು ಮುಂದಾಗಿದೆಯೆಂದು ಮನೆಯ ಹೆಂಗಸರು ಹೆದರಿ ಕೂತಿದ್ದರು. ಕೇರಿಯ ಹಿರಿಯ ಸಾಯಪ್ಪ ದ್ರೌಪದಿಯ ದಾರಿಗೆ ಅಡ್ಡ ನಿಂತ.

“ಶಿವನೇ ತಂದು ಕೊಟ್ಟಾನವ್ವಾ. ಮೊದಲ ಹಗ್ಗ, ಆಮ್ಯಾಲ ಹೆರಿಗಿ ಅನ್ನು. ಇವತ್ತ ಅವ್ರು ಏನು ಕೇಳಿದ್ರೂ ಕೊಡ್ತಾರ.”

ದ್ರೌಪದಿ ನಿಂತಳು. ಸುಳ್ಳೇಕೆ ಹೇಳಬೇಕು, ಸಾಯಪ್ಪನ ಮಾತು ಅವಳ ಹೊಟ್ಟೆಗೆ ತಂಪಾಗಿ ಇಳಿಯಿತು. ಒಳಗೆ ಆಯಿಯ ತುಟಿ ಒಡೆದಿತ್ತು, ಹೊರಗೆ ಪಾಟೀಲರ ಆಳು ಕೈಮುಗಿದು ನಿಂತಿದ್ದ. ಇನ್ನೊಮ್ಮೆ ಇಂಥ ಗಳಿಗೆ ಬಂದೀತೆ? ಅವಳು ಒಳಗೆ ಹೋಗಿ ಆಯಿಗೆ ಹೇಳಿದಳು. ಹೇಳಿ ಮುಗಿಸುವ ಮೊದಲೇ ಮುದುಕಿ ಮೊಣಕೈ ಊರಿ ಅರ್ಧ ಎದ್ದಳು.

“ಆ ಹೊಟ್ಟ್ಯಾಗಿನ ಕೂಸು ಪಂಚಾಯ್ತಿಗಿ ಬಂದು ಕುಂತಿತ್ತೇನು? ಅದು ನಿಂಗ ನೀರು ಇಲ್ಲ ಅಂದಾದೇನು? ಐವತ್ತು ವರ್ಷದಾಗ ನಾ ಒಂದು ಹೊಸ್ತಿಲದಾಗೂ ನಿಂತು ಚೌಕಾಸಿ ಮಾಡಿಲ್ಲ. ನೀ ಮಾಡಿದ್ರ ಆ ನೀರು ನಂಗ ಬ್ಯಾಡ. ಎದ್ದು ಹೋಗು!” ಆಮೇಲೆ ದಣಿದು ದಿಂಬಿಗೆ ಒರಗಿ, ಸಣ್ಣಗೆ ಹೇಳಿದಳು: “ನೀ ಬರೋತನ ನಾ ಸಾಯಂಗಿಲ್ಲ. ನೀರು ಕುಡಿಯೋದು ಬಾಕಿ ಅದ ನಂದು.”

ದ್ರೌಪದಿ ಬುರುಡೆಯಲ್ಲಿ ವರತಿಯ ನೀರು ತುಂಬಿಕೊಂಡು ಓಡಿದಳು.

ಬಿಸಿಲು ನೆತ್ತಿಗೇರುವ ತನಕ ಆ ಕೋಣೆಯಲ್ಲಿ ಅವಳು ಪಟ್ಟ ಪಾಡು ಹೆತ್ತವರಿಗೇ ಗೊತ್ತು. ಎಣ್ಣೆ ಸವರಿದ ಕೈ ಒಳಗೆ ಹುಡುಕಬೇಕು, ಬಾಯಿ ಹೊರಗೆ ಧೈರ್ಯ ಹೇಳಬೇಕು. ಒಂದು ಪಾದ ಬಂತು, ಇನ್ನೊಂದು ಬರಲಿಲ್ಲ. ಆಯಿ ಕಲಿಸಿದ ಹಾಗೆ ಜಗ್ಗದೆ, ಕಾದು, ನೋವು ಬಂದಾಗ ಮಾತ್ರ ಕೈ ತಿರುಗಿಸಿ, ಕೊನೆಗೆ ಇಡೀ ಕೂಸನ್ನು ಹೊರಗೆ ತಂದಳು. ಹೆಣ್ಣು. ನೀಲಿಗಟ್ಟಿತ್ತು, ಅಳುತ್ತಿರಲಿಲ್ಲ. ದ್ರೌಪದಿ ಒಂದು ಪೆಟ್ಟು ಕೊಟ್ಟಳು. ಇನ್ನೊಂದು. ಮೂರನೆಯದಕ್ಕೆ ಆ ಕೂಸು ಹೊರಗಿನ ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದ ಪಾಟೀಲರು ಬೆಚ್ಚುವ ಹಾಗೆ ಕಿರುಚಿತು.

ತಾಯಿ ಮಗುವಿಗೆ ಎರೆದು ಮಲಗಿಸಿದ ಮೇಲೆ, ಪಾಟೀಲರ ತಾಯಿ ಗುರುಲಿಂಗಮ್ಮ ಮೊರದಲ್ಲಿ ಜೋಳ, ಬೆಲ್ಲ ಇಟ್ಟುಕೊಂಡು ಬಂದಳು. ದ್ರೌಪದಿ ಆಗ ಮೂಲೆಗೆ ತಿರುಗಿ ಬುರುಡೆ ಎತ್ತಿ ಕುಡಿಯುತ್ತಿದ್ದಳು. ಮುದುಕಿಯ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು.

“ಆ ಬುರಡಿ ಬಾಲಮಣೀದಲ್ಲ?”

“ಹೌದ್ರಿ ಅವ್ವಾರ.”

“ನಲವತ್ತು ವರ್ಷದ ಹಿಂದ ಇದೇ ಕೋಣ್ಯಾಗ, ಇದೇ ಮೂಲ್ಯಾಗ ಆಕಿ ಹಿಂಗೇ ತಿರುಗಿ ಕುಡೀತಿದ್ಳು. ನಾ ನೋಡಿ ಸುಮ್ಮನಿದ್ದೆ.” ಗುರುಲಿಂಗಮ್ಮ ಮೊರ ಕೆಳಗಿಟ್ಟಳು. “ನೀ ಬಾವಿ ಹಗ್ಗ ಕೇಳಿದ್ದು ನಂಗ ಗೊತ್ತದ. ಬೆಳಿಗ್ಗಿಂದ ನಿನ್ನ ಬಾಯೇ ನೋಡ್ಕೊತ ಕುಂತೀನಿ. ಈಗ ಕೇಳ್ತಾಳ, ಈಗ ಕೇಳ್ತಾಳ ಅಂತ. ಯಾಕ ಕೇಳ್ಲಿಲ್ಲ?”

“ಹೊಸ್ತಿಲದಾಗ ಚೌಕಾಸಿ ಬ್ಯಾಡ ಅಂದಾಳ್ರಿ ಆಯಿ.”

ಗುರುಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, ಅರವತ್ತರ ಆ ಮುದುಕಿ ಖಾಲಿ ಕೊಡವೊಂದನ್ನು ದ್ರೌಪದಿಯ ಸೊಂಟಕ್ಕೆ ತಾನೇ ಇಟ್ಟು, ಅವಳ ರಟ್ಟೆ ಹಿಡಿದು, ಹಿತ್ತಿಲ ಬಾಗಿಲು ಬಿಟ್ಟು ತಲೆಬಾಗಿಲಿನಿಂದಲೇ ಹೊರಟಳು. ನಡುಮಧ್ಯಾಹ್ನ, ಬೀದಿಯ ಪ್ರತಿ ಕಟ್ಟೆಯ ಮೇಲೂ ಮಂದಿ. ಪಾಟೀಲರು ಚಪ್ಪಲಿ ಮರೆತು ಹಿಂದೆ ಓಡಿ ಬಂದರು.

“ಅವ್ವಾ, ಏನು ನಡಸೀದಿ?”

“ರೂಢಿ ನಡಸೀನಿ. ಸೂಲಗಿತ್ತಿ ಹನ್ನೊಂದು ದಿನ ನಮ್ಮ ಮನಿ ನೀರು ಮುಟ್ಟಬಹುದೋ ಇಲ್ಲೋ?”

“ಮುಟ್ಟಬಹುದು. ಹಂಡ್ಯಾಗಿಂದು.”

“ಹಂಡ್ಯಾಗಿಂದು ಎಲ್ಲಿಂದ ಬಂತು? ಮುಗಿಲಿಂದ ಬಿತ್ತೇನು? ಹಂಡ್ಯಾಗಿದ್ದಾಗ ಮುಟ್ಟಬಹುದಂದ್ರ ಬಾವ್ಯಾಗಿದ್ದಾಗ ಅದಕ್ಕೇನು ಕೋಡು ಇರ್ತಾವೇನು?”

ಮಠದ ಕಟ್ಟೆಯ ಮೇಲಿದ್ದ ವೈಜಿನಾಥಯ್ಯನವರು ಗಂಟಲು ಸರಿಪಡಿಸಿಕೊಂಡರು. “ಹಂಗ ನೋಡಿದ್ರ ಲಿಂಗ ಕಟ್ಟಿದ ಮನ್ಯಾಗ ಸೂತಕ ಅನ್ನೋದೇ ಇಲ್ಲ ತಾಯಿ. ಶರಣರು ಹೇಳಿದ್ದು ಅದೇ. ಇದೆಲ್ಲ ಬರೇ ರೂಢಿ.”

“ಶರಣರ ಮಾತು ನಡಸೋದಾದ್ರ ಬಾವಿ ಎಲ್ಲಾರಿಗಿ. ರೂಢಿ ನಡಸೋದಾದ್ರ ಹನ್ನೊಂದು ದಿನ ಈಕಿಗಿ. ಯಾವುದು ಬೇಕು ಆರಿಸ್ಕೊಳ್ರಿ ಅಯ್ಯನೋರ” ಎಂದಳು ಗುರುಲಿಂಗಮ್ಮ. ಅಯ್ಯನವರು ಎರಡನ್ನೂ ತೂಗಿ ನೋಡಿ, ಹಗುರವಾದದ್ದನ್ನು ಆರಿಸಿಕೊಂಡರು. “ಹನ್ನೊಂದು ದಿನ ಆಗಲಿ” ಎಂದರು.

ದ್ರೌಪದಿ ಕಟ್ಟೆ ಹತ್ತಿದಳು. ಮೂವತ್ತು ವರ್ಷ ಕೆಳಗೆ ನಿಂತು ನೋಡಿದ ಕಟ್ಟೆ. ಹಗ್ಗ ಒರಟಾಗಿತ್ತು. ಕೊಡ ಇಳಿದು, ಕೆಳಗೆಲ್ಲೋ ನೀರಿಗೆ ತಾಗಿದ ಸದ್ದು ಕೇಳಿತು. ಸೇದಿದಳು. ಸೇದಿ ರೂಢಿಯಿಲ್ಲದ ಕೈ, ಅರ್ಧ ಕೊಡ ಸೀರೆಯ ಮೇಲೆಯೇ ಚೆಲ್ಲಿಕೊಂಡಳು. ಉಳಿದರ್ಧ ಹೊತ್ತು ಕೇರಿಗೆ ಬಂದಾಗ, ಗಂಡಸರು ಹೆಂಗಸರು ಸಾಲಾಗಿ ನಿಂತು ಆ ಕೊಡವನ್ನು ದೇವರನ್ನು ನೋಡಿದ ಹಾಗೆ ನೋಡಿದರು.

ಆಯಿ ಒಂದು ಚರಿಗೆ ಪೂರಾ ಕುಡಿದಳು. ಕಣ್ಣು ಮುಚ್ಚಿದಳು. ಕೇರಿಗೆ ಕೇರಿ ಉಸಿರು ಹಿಡಿಯಿತು. ಅವಳು ಕಣ್ಣು ತೆಗೆದು, “ಇನ್ನಾ ಒಂದು ಚರಿಗಿ ಕೊಡು” ಎಂದಳು.

ಸಾಯಲಿಕ್ಕೆ ನೀರು ಕೇಳಿದವಳು ಆ ನೀರು ಕುಡಿದು ಎದ್ದು ಕೂತಳು! ಮರುದಿನ ರೊಟ್ಟಿ ಕೇಳಿದಳು. ಮೂರನೆಯ ದಿನ ಪುಂಡಿಪಲ್ಯದಲ್ಲಿ ಉಪ್ಪು ಕಮ್ಮಿಯಾಯಿತೆಂದು ಜಗಳ ತೆಗೆದಳು. ಇತ್ತ ಬಾವಿಯ ಮೇಲೆ ಬೇರೊಂದು ತಮಾಷೆ ನಡೆದಿತ್ತು. ಸೂಲಗಿತ್ತಿಗೆ ಕೈಯಾಳು ಬೇಕಲ್ಲ ಎಂದು ಎರಡನೆಯ ದಿನ ಲಚ್ಚಮ್ಮ ದ್ರೌಪದಿಯ ಜೊತೆ ಕಟ್ಟೆ ಹತ್ತಿದಳು. ಬಾಣಂತಿಯ ಬಟ್ಟೆ ಒಗೆಯಲಿಕ್ಕೆ ಇನ್ನೊಬ್ಬಳು ಬಂದಳು, ಕೂಸಿನ ಎಣ್ಣೆಗೆ ಮತ್ತೊಬ್ಬಳು. ವಾರ ಕಳೆಯುವಷ್ಟರಲ್ಲಿ ಆ ಒಂದು ಮೊಳದ ಕೂಸಿಗೆ ಒಂಬತ್ತು ಮಂದಿ ಸೂಲಗಿತ್ತಿಯರಾಗಿದ್ದರು. ಪಾಟೀಲರು ಪಡಸಾಲೆಯ ಗೋಡೆಗೆ ಮಸಿಯಿಂದ ದಿನಕ್ಕೊಂದು ಗೆರೆ ಎಳೆಯುತ್ತ ಹನ್ನೊಂದು ಯಾವಾಗ ಆದೀತೆಂದು ಕಾಯುತ್ತಿದ್ದರು.

ಹನ್ನೆರಡನೆಯ ದಿನ ಬಂತು. ದ್ರೌಪದಿ ಕೊನೆಯ ನೀರು ಎರೆದು, ಸೀರೆ ಉಡಿಯಲ್ಲಿ ಹಾಕಿಸಿಕೊಂಡು ಹಿತ್ತಿಲ ಬಾಗಿಲಿಂದ ಹೊರಬಿದ್ದಳು. ಹಿಂದೆಯೇ ಮನೆ ಸಾರಿಸಿದರು. ಬಾವಿಯ ಹಳೇ ಹಗ್ಗ ಬಿಚ್ಚಿ ಹೊಸದು ಹಾಕಿದರು. ಕಿಷ್ಟಪ್ಪ ಕೋಲು ಹಿಡಿದು ಕಟ್ಟೆಯ ಮೇಲೆ ಕೂತ. ಲೆಕ್ಕ ಮುಗಿದಿತ್ತು.

ಗುಡಿಸಲಿಗೆ ಬಂದ ದ್ರೌಪದಿ ಆಯಿಯ ಮುಖ ನೋಡಿದಳು. ಮೂಗು ಚೂಪಾಗಿತ್ತು, ಉಸಿರು ಎಳೆದೆಳೆದು ಬರುತ್ತಿತ್ತು. ಎಷ್ಟೋ ಹುಟ್ಟು ಕಂಡವಳಿಗೆ ಇದರ ಗುರುತೂ ಗೊತ್ತಿತ್ತು. ನಿನ್ನೆಯ ನೀರಿಗೆಂದು ಕೊಡದ ಕಡೆ ತಿರುಗಿದರೆ ಕೊಡ ಬರಿದಾಗಿತ್ತು.

“ನಾನೇ ಲಚ್ಚಮ್ಮಗ ಹೇಳಿ ಬೇವಿನ ಗಿಡಕ್ಕ ಹೊಯ್ಸೀನಿ” ಎಂದಳು ಆಯಿ. “ಅದು ಅವ್ರ ರೂಢಿ ನೀರು, ಹನ್ನೊಂದು ದಿನದ ಸಾಲ. ನಂಗ ಹನ್ನೆರಡನೇ ದಿನದ ನೀರು ಬೇಕು. ಹೋಗು, ಸೇದಿ ತಾ.”

“ಹ್ಯಾಂಗ ಬಿಡ್ತಾರ ಆಯಿ? ಯಾವ ಮನಿ ಲೆಕ್ಕ ಅಂತ ಹೇಳ್ಲಿ?”

ಆಯಿ ಮೊಮ್ಮಗಳ ತಲೆಯನ್ನು ಬಳಿಗೆ ಎಳೆದುಕೊಂಡು ಕಿವಿಯಲ್ಲಿ ಒಂದು ಮಾತು ಹೇಳಿದಳು. ಕೇಳಿ ದ್ರೌಪದಿ ದಂಗಾಗಿ ಅವಳ ಮುಖ ನೋಡಿದಳು. “ಹೆಸರು ಮಾತ್ರ ಹೇಳಬ್ಯಾಡ” ಎಂದಳು ಮುದುಕಿ. “ಬಾಣಂತಿ ಕೋಣಿ ಮಾತು ಸೂಲಗಿತ್ತಿ ಬಾಯಿಂದ ಹೊರಗ ಬೀಳಬಾರದು. ಲೆಕ್ಕ ಅದ ಅಂತ ಅಷ್ಟೇ ಅನ್ನು. ಹೇಳೋರು ಹೇಳ್ತಾರ.”

ದ್ರೌಪದಿ ಕೊಡ ಎತ್ತಿಕೊಂಡು ಹೊರಟಳು. ಹಿಂದೆ ಲಚ್ಚಮ್ಮ, ಸಾಯಪ್ಪ, ಕೇರಿಯ ಅರ್ಧ ಮಂದಿ. ಕಟ್ಟೆಯ ಬಳಿ ಕಿಷ್ಟಪ್ಪ ಕೋಲು ಅಡ್ಡ ಹಿಡಿದ. ಅವನ ಮೂರು ಮಕ್ಕಳೂ ಆಯಿಯ ಕೈಯಲ್ಲೇ ಹುಟ್ಟಿದ್ದವು, ಹಾಗಾಗಿ ಕೋಲು ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಅವಳು ಅದನ್ನು ಬದಿಗೆ ಸರಿಸಿ ಮೇಲೆ ಹತ್ತಿ ಹೊಸ ಹಗ್ಗಕ್ಕೆ ಕೈ ಹಾಕಿದಳು. ಸುದ್ದಿ ಹಬ್ಬಿ ಊರು ನೆರೆಯಿತು. ಪಾಟೀಲರು ಬಂದರು, ಅಯ್ಯನವರು ಬಂದರು.

“ಹನ್ನೊಂದು ದಿನ ಮುಗೀತು ದ್ರೌಪದಿ” ಎಂದರು ಪಾಟೀಲರು. “ಕೊಟ್ಟ ಮಾತು ನಾವು ನಡಸೀವಿ. ಈಗ ಕೆಳಗ ಇಳಿ. ಇವತ್ತ ಯಾವ ಮನಿ ಲೆಕ್ಕಾನೂ ಇಲ್ಲ.”

“ಅದ ರೀ ಪಾಟೀಲ್ರ.” ಅವಳ ಕೈ ಹಗ್ಗ ಬಿಡಲಿಲ್ಲ. “ಹನ್ನೆರಡನೇ ದಿನದ ನೀರು ಬೀಳದ ಒಂದು ಕೂಸು ಈ ಊರಾಗ ಇನ್ನಾ ಅದ. ಆಯಿ ಹಿಡದಿದ್ದು. ಯಾರ ಮನಿ ಅಂತ ನಾ ಹೇಳಂಗಿಲ್ಲ, ಅದು ಕೋಣಿ ಒಳಗಿನ ಮಾತು. ಸುಳ್ಳಂದ್ರ ಈ ಬಾವ್ಯಾಗೇ ನನ್ನ ನೂಕ್ರಿ.”

ಹೀಗೆ ಹೇಳಿ ಅವಳು ಕೊಡ ಬಾವಿಗೆ ಬಿಟ್ಟಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಮನೆ? ಊರ ಪ್ರತಿ ತಾಯಿಯೂ ಮನಸ್ಸಿನಲ್ಲೇ ತನ್ನ ಬಾಣಂತನಗಳನ್ನು ಎಣಿಸತೊಡಗಿದಳು. ಪಾಟೀಲರು ನಕ್ಕರು. “ಯಾರಪ್ಪಾ ಆ ಕೂಸು? ಬರಲಿ ಮುಂದ, ನೋಡೋಣು” ಎಂದು ಸುತ್ತ ಕಣ್ಣು ಹಾಯಿಸಿದರು.

“ನೀನೇ” ಎಂದಿತು ಹಿಂದಿನಿಂದ ಒಂದು ದನಿ. ಗುರುಲಿಂಗಮ್ಮ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದಳು.

“ನೀ ಹುಟ್ಟಿ ಒಂಬತ್ತು ದಿನಕ್ಕ ಪ್ಲೇಗು ಬಂತು. ಬಾಲಮಣಿ ನನ್ನ ಬೆನ್ನಮ್ಯಾಲ ಹೊತ್ಕೊಂಡು ಹೊಲಕ್ಕ ಒಯ್ದಳು. ಆರು ತಿಂಗಳು ಗುಡಸಲದಾಗಿದ್ದೆವು. ಅತ್ತಿ ಹೋದ್ಳು, ಮಾವ ಹೋದ. ಊರಿಗಿ ಬಂದಾಗ ಸತ್ತೋರ ದಿನ ಮಾಡೋದ್ರಾಗ ನಿನ್ನ ಹನ್ನೆರಡನೇ ದಿನ ಯಾರಿಗಿ ನೆನಪು? ನಂಗ ನೆನಪಾತು, ಹೆದರಿ ಬಾಯಿ ಮುಚ್ಕೊಂಡೆ. ಆಕೀಗೂ ಗೊತ್ತಿತ್ತು. ನಲವತ್ತಮೂರು ವರ್ಷ ನನ್ನ ಮರ್ಯಾದಿ ಹೊಟ್ಟ್ಯಾಗ ಇಟ್ಕೊಂಡಾಳ. ಇನ್ನಾ ಎಷ್ಟು ದಿನ ಇಟ್ಕೋಬೇಕು ಆಕಿ?”

ಬಾವಿಯ ಗಡಗಡೆ, ಹಗ್ಗ ಹಾಯುವ ಆ ರಾಟೆ, ಕಿರುಗುಟ್ಟುತ್ತಿತ್ತು. ದ್ರೌಪದಿ ಸೇದುತ್ತಲೇ ಇದ್ದಳು. ಪಾಟೀಲರ ಮುಖ ಕೆಂಪಾಗಿ, ಬಿಳಿಚಿಕೊಂಡು, ಮತ್ತೆ ಕೆಂಪಾಯಿತು.

“ಹಂಗಾದ್ರ... ಹಂಗಾದ್ರ ಇವತ್ತೇ ಮಾಡಿ ಮುಗಿಸ್ರಿ!” ಎಂದರು.

“ಮಾಡಬಹುದು” ಎಂದರು ವೈಜಿನಾಥಯ್ಯನವರು, ಗಡ್ಡ ನೀವಿಕೊಳ್ಳುತ್ತ. “ಆದ್ರ ಹಿಡಿದ ಕೈಯೇ ಎರೀಬೇಕಲ್ಲ. ಬಾಲಮಣಿ ಬರಬೇಕು. ನೀವು ಬಚ್ಚಲದಾಗ ಕೂಡಬೇಕು.”

ನಲವತ್ತಮೂರು ವರ್ಷದ, ಕಲ್ಲಿಮೀಸೆಯ, ಆರು ಎತ್ತಿನ ಒಕ್ಕಲುತನದ ಪಾಟೀಲರು ಬಚ್ಚಲ ಕಲ್ಲಿನ ಮೇಲೆ ಬರಿಮೈಯಲ್ಲಿ ಕೂತದ್ದು, ಬಾಲಮಣಿ ಮೂಗು ಹಿಂಡಿ ತಲೆಗೆ ನೀರು ಹೊಯ್ದದ್ದು ಎಲ್ಲರ ಕಣ್ಣಿಗೂ ಒಮ್ಮೆಲೇ ಕಟ್ಟಿತು. ಮೊದಲು ನಕ್ಕವಳು ಬಾಣಂತಿ ಶಕುಂತಲಾಬಾಯಿಯ ತಾಯಿ. ಆಮೇಲೆ ಹೆಂಗಸರೆಲ್ಲ, ಆಮೇಲೆ ಪಂಚರು. ಕಿಷ್ಟಪ್ಪ ಕೋಲು ಬಿಟ್ಟು ಹೊಟ್ಟೆ ಹಿಡಿದುಕೊಂಡ.

“ಆಯಿ ಇವತ್ತ ಏಳೋ ಹಂಗಿಲ್ರಿ” ಎಂದಳು ದ್ರೌಪದಿ, ತುಂಬಿದ ಕೊಡವನ್ನು ಸೊಂಟಕ್ಕೇರಿಸಿ. ಅವಳು ನಗುತ್ತಿರಲಿಲ್ಲ. “ಎದ್ದ ದಿನ ಬಂದು ಎರೀತಾಳ. ಅಲ್ಲೀತನ ನಿಮ್ಮ ಹನ್ನೊಂದು ದಿನ ನಡೀಲಿ. ದಾರಿ ಬಿಡ್ರಿ, ನೀರು ಜಲ್ದಿ ಒಯ್ಯಬೇಕು.”

ಪಾಟೀಲರು ತಾಯಿಯನ್ನು ನೋಡಿದರು. ತಾಯಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ತಮ್ಮನ್ನು ಎದೆಗೆ ಕಟ್ಟಿಕೊಂಡು ಪ್ಲೇಗಿನ ಊರಿನಿಂದ ನಡೆದ ಹೆಂಗಸಿನ ಬಾಯಿ ಈಗ ಒಣಗುತ್ತಿದೆ ಎಂಬುದು ಆಗ ಅವರಿಗೆ ಹೊಳೆಯಿತೋ ಏನೋ, ಪಕ್ಕಕ್ಕೆ ಸರಿದು ನಿಂತರು. ರೂಢಿಯಂತೆ ಬಾಲಮಣಿ ಅವರಿಗೆ ಸರಿದು ನಿಲ್ಲುತ್ತಿದ್ದಳಲ್ಲ, ಹಾಗೆ.

“ಕಿಷ್ಟಪ್ಪಾ,” ಎಂದರು, “ಆ ಗಡಗಡಿಗಿ ಎಣ್ಣಿ ಹಾಕು. ಸೇದೋರಿಗಿ ತ್ರಾಸ ಆಗ್ತದ.”

ದ್ರೌಪದಿ ಗುಡಿಸಲು ಮುಟ್ಟಿದಾಗ ಆಯಿ ಕಣ್ಣು ತೆರೆದೇ ಕಾಯುತ್ತಿದ್ದಳು.

“ಯಾರು ಸೇದಿದ್ರು?”

“ನಾನೇ ಆಯಿ.”

“ಎಷ್ಟನೇ ದಿನ?”

“ಹನ್ನೆರಡನೇ ದಿನ.”

ಮೂರು ಗುಟುಕು ಕುಡಿದಳು. ನಾಲ್ಕನೆಯದು ತುಟಿಯಿಂದ ಹೊರಗೆ ಹರಿಯಿತು. “ತಣ್ಣಗದ” ಎಂದಳು. ಸೂರ್ಯನ ಕಡೆ ಎಂದಿನಂತೆ ಎರಡೂ ಕೈ ಚಾಚಲು ನೋಡಿದಳು, ಆಗಲಿಲ್ಲ. ದ್ರೌಪದಿ ಆ ಕೈಗಳನ್ನು ಹಿಡಿದು ಎತ್ತಿದಳು. ಅಳು ಉಕ್ಕಿ ಬಂದರೂ ಅವಳಿಗೆ ಹೆಮ್ಮೆಯೇ ಹೆಚ್ಚಾಗಿತ್ತು.

ಆಯಿಯನ್ನು ಮಣ್ಣಿಗೆ ಒಯ್ಯುವಾಗ ಕೇರಿಯ ಹಲಗೆಗಳು ಮದುವೆಗೆ ಬಾರಿಸಿದ ಹಾಗೆ ಬಾರಿಸಿದವು. ಊರೊಳಗಿನಿಂದ ಐವತ್ತು ವರ್ಷದ ಒಳಗಿನವರೆಲ್ಲ ಬಂದರು, ಅಂದರೆ ಊರೇ ಬಂತು. ಗುರುಲಿಂಗಮ್ಮ ಮುಂದೆ ನಡೆದಳು, ಆ ಸೋರೆಬುರುಡೆಯನ್ನು ಕೇಳಿ ಪಡೆದು ತಾನೇ ಹಿಡಿದುಕೊಂಡು. ವೀರಪ್ಪ ಪಾಟೀಲರು ಒಂದು ಹಿಡಿ ಮಣ್ಣು ಹಾಕಿ, ಎಲ್ಲರೂ ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ತಿಂಗಳ ಮೇಲೆ ಮಾಣಿಕ ತಾಂಡೂರಿನಿಂದ ಒಂದು ನೀಲಿ ಹಾಸುಗಲ್ಲನ್ನು ರೈಲಿನಲ್ಲಿ ಜಹೀರಾಬಾದಿಗೆ ತಂದು, ಅಲ್ಲಿಂದ ಬಂಡಿಯಲ್ಲಿ ಹೇರಿಕೊಂಡು ಬಂದ. ಸಮಾಧಿಗೆ ಎಂದು ತಂದದ್ದು. ಆಯಿಗೆ ಅಲ್ಲಿ ಏನು ಕೆಲಸ ಎಂದು ದ್ರೌಪದಿ ಅದನ್ನು ಬಾವಿಯ ಕಟ್ಟೆಯ ಮೇಲೆ ಹಾಕಿಸಿದಳು. ಕೇರಿಯ ಹೆಂಗಸರು ಅದರ ಮೇಲೆ ಕೊಡ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ನೀರು ಸೇದುತ್ತಾರೆ.

ಯಾರೂ ಕೇಳುವುದಿಲ್ಲ. ಹೊಸಬರು ಯಾರಾದರೂ ಬಂದು, ಇದು ಯಾವ ರೂಢಿ ಎಂದು ಹುಬ್ಬು ಗಂಟು ಹಾಕಿದರೆ, ಪಾಟೀಲರೇ ಮೀಸೆಯ ಮರೆಯಲ್ಲಿ ನಕ್ಕು ಉತ್ತರ ಕೊಡುತ್ತಾರೆ. ಎರೆಯಬೇಕಾದ ಕೈ ಮಣ್ಣಿನಲ್ಲಿದೆ. ಅವರ ಹನ್ನೆರಡನೆಯ ದಿನ ಇನ್ನೂ ಆಗಿಲ್ಲ.